ಗುರುವಿನ ಮಾತನ್ನು ಒರೆಗೆ ಹಚ್ಚುವುದು ಹೇಗೆ?

"ಗುರುಗಳು ಹೀಗೆ ಹೇಳಿದ್ದಾರೆ. ಮಾಡಲೋ, ಬೇಡವೋ?" ಓದುಗರಿಂದ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಒಬ್ಬರಿಗೆ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಲು ಹೇಳಿದ್ದಾರೆ. ಇನ್ನೊಬ್ಬರಿಗೆ ಊರಿನ ಜಮೀನನ್ನು ಆಶ್ರಮಕ್ಕೆ ಬರೆದುಕೊಡಲು ಹೇಳಿದ್ದಾರೆ. ಮತ್ತೊಬ್ಬರ ಮಗಳಿಗೆ ಗೊತ್ತಾಗಿದ್ದ ಸಂಬಂಧವನ್ನು ಬಿಡಿಸಲು ಸೂಚನೆ ಬಂದಿದೆ. ಇಂಥ ಪತ್ರಗಳಿಗೆ ಉತ್ತರ ಬರೆಯುತ್ತಾ ಹೋದಂತೆ ನನಗೊಂದು ವಿಷಯ ಸ್ಪಷ್ಟವಾಯಿತು. ನಾನು "ಮಾಡಿ" ಅಥವಾ "ಬೇಡ" ಎಂದು ಹೇಳಿಬಿಟ್ಟರೆ ಗುರುವಿನ ಜಾಗದಲ್ಲಿ ನಾನು ಕುಳಿತಂತಾಗುತ್ತದೆ, ಕೇಳಿದವರ ಸ್ಥಿತಿ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ತೀರ್ಪು ಕೊಡುತ್ತಿಲ್ಲ, ನೀವೇ ತೂಗಿ ನೋಡುವ ಕ್ರಮವನ್ನು ಬರೆದಿದ್ದೇನೆ.

ಗುರುವನ್ನು ಬಿಡಿಸುವುದು ನನ್ನ ಉದ್ದೇಶವಲ್ಲ. ಒಳ್ಳೆಯ ಗುರುವಿನ ಆಸರೆಯಲ್ಲಿ ಬದುಕು ಹಸನಾದವರನ್ನು ನಾನು ಬಲ್ಲೆ. ಕುವೆಂಪು ರಾಮಕೃಷ್ಣ ಮಠದಲ್ಲಿ ದೀಕ್ಷೆ ಪಡೆದವರು. ಯುವಕರಿಗೆ 'ನಿರಂಕುಶಮತಿಗಳಾಗಿ' ಎಂದು ಕರೆ ಕೊಟ್ಟವರೂ ಅವರೇ. ಅಂಕುಶವೆಂದರೆ ಆನೆಯನ್ನು ತಿರುಗಿಸಲು ಮಾವುತ ಹಿಡಿಯುವ ಕೊಕ್ಕೆ. ನಿರಂಕುಶಮತಿ ಎಂದರೆ ಇನ್ನೊಬ್ಬರ ತಿವಿತಕ್ಕೆ ಹೊರಳದ ಬುದ್ಧಿ. ದೀಕ್ಷೆಯೂ ಆ ಬುದ್ಧಿಯೂ ಒಬ್ಬ ಮನುಷ್ಯನಲ್ಲಿ ಒಟ್ಟಿಗೆ ಇರಬಲ್ಲವು.

ಏನೇನು ಬೇಕು?

ಇನ್ನೂರು ಪುಟದ ಒಂದು ನೋಟ್‌ಬುಕ್. ಮೊಬೈಲಿನಲ್ಲಿ ಬೇಡ, ಅಲ್ಲಿ ಅಳಿಸುವುದು ಬಹಳ ಸುಲಭ. ಎರಡನೆಯದಾಗಿ, ಆ ಗುರುವಿನ ಬಳಗಕ್ಕೆ ಸೇರದ, ನಿಮ್ಮ ಹಿತ ಬಯಸುವ ಒಬ್ಬ ವ್ಯಕ್ತಿ: ತಂಗಿ, ಹಳೆಯ ಗೆಳೆಯ, ಮನೆಯ ವೈದ್ಯರು, ಯಾರಾದರೂ ಸರಿ. ಮೂರನೆಯದು ಸಮಯ, ಕನಿಷ್ಠ ಮೂರು ತಿಂಗಳು.

ಆರಂಭಿಸುವ ಮುನ್ನ: ಇದು ಗುರುದ್ರೋಹವೇ?

ಬಹುತೇಕರು ಇಲ್ಲಿಯೇ ನಿಂತುಬಿಡುತ್ತಾರೆ, ಹಾಗಾಗಿ ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಹೇಳುವ ಮಾತು ಹೀಗಿದೆ: "ಯಾನ್ಯಸ್ಮಾಕಂ ಸುಚರಿತಾನಿ, ತಾನಿ ತ್ವಯೋಪಾಸ್ಯಾನಿ, ನೋ ಇತರಾಣಿ." ನಮ್ಮಲ್ಲಿ ಯಾವುದು ಒಳ್ಳೆಯ ನಡತೆಯೋ ಅದನ್ನು ಮಾತ್ರ ಅನುಸರಿಸು, ಉಳಿದದ್ದನ್ನಲ್ಲ. ಹಾಗೆಂದಮೇಲೆ ಆಚಾರ್ಯನ ನಡತೆಯಲ್ಲಿ ಒಳ್ಳೆಯದು ಯಾವುದು, ಅಲ್ಲದ್ದು ಯಾವುದು ಎಂದು ಆರಿಸುವ ಕೆಲಸ ಶಿಷ್ಯನದೇ. ಭಗವದ್ಗೀತೆಯಲ್ಲೂ ಹದಿನೆಂಟು ಅಧ್ಯಾಯ ಬೋಧಿಸಿದ ಕೃಷ್ಣ ಕೊನೆಯಲ್ಲಿ ಅರ್ಜುನನಿಗೆ "ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು" ಎನ್ನುತ್ತಾನೆ. ಇದೆಲ್ಲವನ್ನೂ ಪೂರ್ತಿಯಾಗಿ ವಿಮರ್ಶಿಸಿ, ನಿನಗೆ ತೋಚಿದಂತೆ ಮಾಡು.

"ಗುರುವಿನ ಗುಲಾಮನಾಗುವ ತನಕ ದೊರೆಯದಣ್ಣ ಮುಕುತಿ" ಎಂಬ ಪುರಂದರದಾಸರ ಸಾಲನ್ನು ನಿಮ್ಮ ಮುಂದೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಅದೇ ದಾಸರು 'ಉದರ ವೈರಾಗ್ಯ'ವನ್ನೂ ಹಾಡಿದ್ದಾರೆ: ನಸುಕಿನಲ್ಲಿ ಗಡಗಡ ನಡುಗುತ್ತಾ ನದಿಯಲ್ಲಿ ಮಿಂದು, ಒಳಗೆ ಮದ ಮತ್ಸರ ತುಂಬಿಕೊಂಡು, ಪಕ್ಕದವರನ್ನು ಬೆರಗುಗೊಳಿಸುವ ವೇಷಧಾರಿಯ ಚಿತ್ರ ಅದು. ಯಾರಿಗೆ ಗುಲಾಮನಾಗಬೇಕು ಎಂಬುದನ್ನು ದಾಸರು ಕಣ್ಣು ಮುಚ್ಚಿ ತೀರ್ಮಾನಿಸಿರಲಿಲ್ಲ.

1. ಹೇಳಿದ ಮಾತನ್ನು ಬಿಡಿಸಿ ಬರೆಯಿರಿ

ಪ್ರವಚನ ಅಥವಾ ಭೇಟಿ ಮುಗಿದ ದಿನವೇ, ಮಲಗುವ ಮುನ್ನ, ಏನು ಹೇಳಿದರೋ ಅದನ್ನು ಅದೇ ಮಾತಿನಲ್ಲಿ ಬರೆದಿಡಿ. ಪಕ್ಕದಲ್ಲಿ ಯಾರು ಹೇಳಿದ್ದೆಂದು ಗುರುತಿಸಿ: ಸ್ವತಃ ಗುರುವೇ, ಅವರ ಆಪ್ತ ಕಾರ್ಯಕರ್ತರೇ, ಸಾಲಿನಲ್ಲಿ ಮುಂದೆ ನಿಂತಿದ್ದ ಭಕ್ತರೇ? "ಗುರುಗಳ ಅಪ್ಪಣೆ" ಎಂದು ಮನೆಗೆ ಬಂದ ಎಷ್ಟೋ ಮಾತುಗಳು ಕಾರ್ಯಕರ್ತರ ಬಾಯಿಯಿಂದ ಹೊರಟವು ಎಂಬುದು ಈ ಒಂದು ಕಾಲಮಿನಿಂದಲೇ ಗೊತ್ತಾಗುತ್ತದೆ.

ನಂತರ ಪ್ರತಿ ಮಾತಿನ ಮುಂದೆ ಒಂದು ಗುರುತು ಹಾಕಿ. ನಾನು ನಾಲ್ಕು ಅಕ್ಷರ ಬಳಸುತ್ತೇನೆ. 'ಅ' ಎಂದರೆ ಅನುಭವದ ಮಾತು, ನೀವೇ ಮಾಡಿ ನೋಡಬಹುದಾದದ್ದು. 'ಲೋ' ಎಂದರೆ ಲೋಕದ ಸಂಗತಿ, ಹೊರಗಿನವರೂ ಪರಿಶೀಲಿಸಬಹುದಾದದ್ದು. 'ಆ' ಎಂದರೆ ಆಜ್ಞೆ. 'ನಂ' ಎಂದರೆ ಬರೀ ನಂಬಿಕೆ, ಯಾವ ಪರೀಕ್ಷೆಗೂ ಸಿಗದ್ದು. ಒಂದು ಪುಟ ಹೀಗಿರಬಹುದು:

ಬೆಳಿಗ್ಗೆ ಇಪ್ಪತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕುಳಿತರೆ ಸಿಟ್ಟು ಕಡಿಮೆಯಾಗುತ್ತದೆ — ಅ
ಈ ಕಷಾಯದಿಂದ ಮಧುಮೇಹ ಬೇರುಸಹಿತ ಹೋಗುತ್ತದೆ — ಲೋ
ಹಿಂದಿನ ಜನ್ಮದಲ್ಲಿ ನೀನು ಇದೇ ಮಠದಲ್ಲಿದ್ದೆ — ನಂ
ಅಣ್ಣನ ಮನೆಗೆ ಇನ್ನು ಹೋಗಬೇಡ — ಆ

ಮೊದಲನೆಯದು ನಿಜವಾಗಿಯೂ ಉಪಯೋಗಕ್ಕೆ ಬಂದಿರಬಹುದು. ಆ ನೆಮ್ಮದಿಯ ಬಲದಿಂದಲೇ ಉಳಿದ ಮೂರೂ ಮಾತುಗಳು ನಮ್ಮೊಳಗೆ ಇಳಿದುಬಿಡುತ್ತವೆ. ಧ್ಯಾನ ಫಲ ಕೊಟ್ಟಿತು, ಆದ್ದರಿಂದ ಕಷಾಯವೂ ಕೆಲಸ ಮಾಡುತ್ತದೆ, ಆದ್ದರಿಂದ ಅಣ್ಣ ಕೆಟ್ಟವನು: ಈ ಸರಪಳಿಯಲ್ಲಿ ಒಂದು ಕೊಂಡಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಬರೆದು ನೋಡಿದಾಗ ಅದು ಎದ್ದು ಕಾಣುತ್ತದೆ, ಕೇಳುವಾಗ ಕಾಣುವುದಿಲ್ಲ.

ಎಚ್ಚರಿಕೆ: ವಾರ ಕಳೆದು ನೆನಪಿನಿಂದ ಬರೆಯಬೇಡಿ. ಅಷ್ಟರಲ್ಲಿ ಮನಸ್ಸು ಮಾತನ್ನು ತನಗೆ ಬೇಕಾದಂತೆ ತಿದ್ದಿರುತ್ತದೆ.

2. 'ಲೋ' ಗುರುತಿನ ಮಾತಿಗೆ ಬಲ್ಲವರನ್ನು ಕೇಳಿ

ಔಷಧಕ್ಕೆ ವೈದ್ಯರು, ಆಸ್ತಿಗೆ ವಕೀಲರು, ಮಗುವಿನ ಓದಿಗೆ ಶಿಕ್ಷಕರು. ಇದರಲ್ಲಿ ಬೇರೆ ಸೂಕ್ಷ್ಮವೇನಿಲ್ಲ. ಆದರೆ ಔಷಧದ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ: ಬರೆದುಕೊಟ್ಟ ವೈದ್ಯರನ್ನು ಕೇಳದೆ ಯಾರ ಮಾತಿಗೂ ಒಂದು ಗುಳಿಗೆಯನ್ನೂ ಬಿಡಬೇಡಿ. ಟೈಪ್ 1 ಮಧುಮೇಹದವರು ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಕುತ್ತು ಬರುತ್ತದೆ. ಅಪಸ್ಮಾರ, ಅಂದರೆ ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣವೇ ಹೋಗಬಹುದು.

ನಮ್ಮ ಕುಟುಂಬದ ಹಿರಿಯರೊಬ್ಬರು ಒಂದು ಮಂಡಲ, ಅಂದರೆ 48 ದಿನ, ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಪ್ರಸಾದದ ನೀರು ಕುಡಿದರು. ಕಾಲಿನ ಸಣ್ಣ ಗಾಯ ಮಾಗಲಿಲ್ಲ, ಎರಡು ಬೆರಳು ತೆಗೆಯಬೇಕಾಯಿತು. "ನಿಮ್ಮ ನಂಬಿಕೆಯಲ್ಲಿ ಕೊರತೆಯಿತ್ತು" ಎಂಬ ಉತ್ತರ ಬಂತು. ಆ ಉತ್ತರ ನನಗೆ ಇಂದಿಗೂ ಸಂಕಟ ಕೊಡುತ್ತದೆ.

ಕಾನೂನೂ ಇಲ್ಲಿ ನಿಮ್ಮ ಕಡೆಗಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಮಧುಮೇಹ, ಕ್ಯಾನ್ಸರ್, ಅಪಸ್ಮಾರದಂಥ ರೋಗಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು ನಿಷೇಧಿಸುತ್ತದೆ. ತಾಯಿತ, ಮಂತ್ರ, ಕವಚಗಳ ಜಾಹೀರಾತೂ ಅದರ ವ್ಯಾಪ್ತಿಗೆ ಬರುತ್ತದೆ. ಕರ್ನಾಟಕದ ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2017ರದು, 2020ರ ಜನವರಿಯಿಂದ ಜಾರಿಯಲ್ಲಿದೆ. ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಡಿ ಅಪರಾಧ.

3. ಪವಾಡ ಮತ್ತು ಭವಿಷ್ಯಕ್ಕೆ ಪ್ರತ್ಯೇಕ ಪುಟ ತೆರೆಯಿರಿ

"ನಾನು ಕಣ್ಣಾರೆ ಕಂಡಿದ್ದೇನೆ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಂಡದ್ದು ನಿಜ, ಅದರಿಂದ ಕಟ್ಟಿಕೊಂಡ ಅರ್ಥದಲ್ಲಿ ತಪ್ಪಿರುತ್ತದೆ. ಒಂದು ಪ್ರಯೋಗ ಮಾಡಿ. ವಿಭೂತಿಯ ಪುಡಿಗೆ ಗಂಜಿಯ ತಿಳಿಯನ್ನು ಹನಿ ಹನಿಯಾಗಿ ಬೆರೆಸಿ ಕಡಲೆಕಾಳಿನ ಗಾತ್ರದ ಉಂಡೆ ಕಟ್ಟಿ, ನೆರಳಿನಲ್ಲಿ ಎರಡು ದಿನ ಒಣಗಿಸಿ. ಅದನ್ನು ಹೆಬ್ಬೆರಳಿನ ಬುಡದಲ್ಲಿ, ಅಂಗೈ ಮಡಿಕೆಯ ಒಳಗೆ ಹಿಡಿದಿಟ್ಟುಕೊಂಡು ಬೆರಳುಗಳನ್ನು ಸಡಿಲವಾಗಿ ಚಾಚಿ. ಕೈ ಖಾಲಿಯಿದ್ದಂತೆ ಕಾಣುತ್ತದೆ. ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ, ಅಂಗೈ ಕೆಳಗೆ ಮಾಡಿ, ಬೆರಳ ತುದಿಯಿಂದ ಉಂಡೆಯನ್ನು ಉಜ್ಜಿ. ಬೂದಿ ಸುರಿಯುತ್ತದೆ. ಒಂದು ಸಂಜೆ ಅಭ್ಯಾಸ ಮಾಡಿದರೆ ಮನೆಯ ಮಕ್ಕಳೆದುರು ಮಾಡಿ ತೋರಿಸಬಹುದು. ಗುರುವೂ ಹೀಗೆಯೇ ಮಾಡಿದರೆಂದು ಇದು ಸಾಬೀತು ಮಾಡುವುದಿಲ್ಲ. ಕಣ್ಣಾರೆ ಕಂಡದ್ದು ಪವಾಡಕ್ಕೆ ಸಾಕ್ಷಿಯಾಗದು ಎಂಬಷ್ಟನ್ನು ಮಾತ್ರ ತೋರಿಸುತ್ತದೆ.

ಸರಿಯಾದ ಪರೀಕ್ಷೆ ಹೇಗಿರಬೇಕೆಂದು ಎಚ್. ನರಸಿಂಹಯ್ಯನವರು ತೋರಿಸಿಕೊಟ್ಟಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು. ಒಪ್ಪಿಗೆ ಬರಲಿಲ್ಲ. ಉಂಗುರವನ್ನು ಸೃಷ್ಟಿಸುವವರು ಕುಂಬಳಕಾಯಿಯನ್ನು ಸೃಷ್ಟಿಸಿ ತೋರಿಸಲಿ ಎಂದು ನರಸಿಂಹಯ್ಯನವರು ಕೇಳಿದ್ದು ಇಂದಿಗೂ ಜನರ ಬಾಯಲ್ಲಿದೆ. ಆ ಬೇಡಿಕೆಯ ಹಿಂದಿನ ತರ್ಕವನ್ನು ಗಮನಿಸಿ: ಉಂಗುರ ಅಂಗಿಯ ತೋಳಿನಲ್ಲಿ ಅಡಗುತ್ತದೆ, ಕುಂಬಳಕಾಯಿ ಅಡಗುವುದಿಲ್ಲ. ಸೃಷ್ಟಿಸುವ ಶಕ್ತಿ ಇರುವವರಿಗೆ ಗಾತ್ರ ಅಡ್ಡಿಯಾಗಬಾರದು, ಕೈಚಳಕಕ್ಕೆ ಅಡ್ಡಿಯಾಗುತ್ತದೆ. ನೀವು ಯಾವ ಪವಾಡದ ಸುದ್ದಿ ಕೇಳಿದರೂ, ಈ ಎರಡನ್ನು ಬೇರ್ಪಡಿಸುವ 'ಕುಂಬಳಕಾಯಿ' ಯಾವುದೆಂದು ಯೋಚಿಸಿ ಬರೆಯಿರಿ.

ಇನ್ನು "ನನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟರು" ಎಂಬುದು. ಎದುರಿಗಿರುವವರ ವಯಸ್ಸು, ಉಡುಪು, ಮುಖಭಾವ ನೋಡಿ, ಎಲ್ಲರಿಗೂ ಹೊಂದುವ ಮಾತನ್ನಾಡಿ, ಅವರ ಪ್ರತಿಕ್ರಿಯೆ ಹಿಡಿದು ಮುಂದುವರಿಯುವ ಕಲೆಗೆ ಕೋಲ್ಡ್ ರೀಡಿಂಗ್ ಎಂದು ಹೆಸರು. "ನೀವು ಎಲ್ಲರಿಗೂ ಒಳ್ಳೆಯದೇ ಮಾಡಿದಿರಿ, ನಿಮಗೆ ಯಾರೂ ಆಗಲಿಲ್ಲ" ಎಂದರೆ ಐವತ್ತು ದಾಟಿದ ಯಾರ ಕಣ್ಣು ತಾನೇ ತೇವವಾಗುವುದಿಲ್ಲ? ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಂ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿಮ್ಮ ವ್ಯಕ್ತಿತ್ವದ ವಿವರ" ಎಂದು ಒಂದೊಂದು ಹಾಳೆ ಕೊಟ್ಟ. ಎಲ್ಲ ಹಾಳೆಗಳಲ್ಲೂ ಒಂದೇ ಬರಹವಿತ್ತು. ಅದು ತಮಗೆ ಎಷ್ಟು ಹೊಂದುತ್ತದೆಂದು ವಿದ್ಯಾರ್ಥಿಗಳು ಕೊಟ್ಟ ಅಂಕದ ಸರಾಸರಿ ಐದಕ್ಕೆ 4.26.

ಭವಿಷ್ಯವಾಣಿಯನ್ನು ಹೇಳಿದ ದಿನವೇ ತಾರೀಕು ಹಾಕಿ ಬರೆಯಿರಿ. ಫಲಿಸಿದ್ದಕ್ಕೆ ಒಂದು ಗುರುತು, ಫಲಿಸದ್ದಕ್ಕೆ ಇನ್ನೊಂದು. ಫಲಿಸದ್ದನ್ನು ಮನಸ್ಸು ತಾನಾಗಿ ಮರೆಯುತ್ತದೆ, ಪುಸ್ತಕ ಮರೆಯುವುದಿಲ್ಲ. "ಒಳ್ಳೆಯ ದಿನಗಳು ಬರುತ್ತವೆ" ಎಂಬಂಥ, ತಪ್ಪಾಗಲು ಸಾಧ್ಯವೇ ಇಲ್ಲದ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

4. ನಡತೆಯನ್ನು ಗಮನಿಸಿ, ಅವಸರವಿಲ್ಲದೆ

ಪಾಳಿ ತ್ರಿಪಿಟಕದ ಮಜ್ಝಿಮ ನಿಕಾಯದಲ್ಲಿ 'ವೀಮಂಸಕ ಸುತ್ತ' ಎಂಬ ಬೋಧೆಯಿದೆ. ವೀಮಂಸಕ ಎಂದರೆ ಪರೀಕ್ಷಿಸುವವನು. ಅಲ್ಲಿ ಬುದ್ಧ ತನ್ನನ್ನೇ ಪರೀಕ್ಷಿಸಲು ಭಿಕ್ಷುಗಳಿಗೆ ಹೇಳುತ್ತಾನೆ: ಕಣ್ಣಿಗೆ ಕಾಣುವುದರಲ್ಲಿ, ಕಿವಿಗೆ ಕೇಳುವುದರಲ್ಲಿ ಮಲಿನವಾದದ್ದು ಇದೆಯೇ, ಒಳ್ಳೆಯ ಗುಣ ಬಹುಕಾಲದಿಂದ ಇದೆಯೇ, ನಿನ್ನೆ ಮೊನ್ನೆ ಬಂದದ್ದೇ? ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶ ಒಂದಿದೆ. ಭಿಕ್ಷುವೊಬ್ಬ ಹೆಸರು ಗಳಿಸುವವರೆಗೆ ಕೆಲವು ದೋಷಗಳು ಅವನಲ್ಲಿ ಕಾಣುವುದೇ ಇಲ್ಲ, ಪ್ರಸಿದ್ಧಿ ಬಂದ ಮೇಲೆ ಕಾಣಿಸಿಕೊಳ್ಳುತ್ತವೆ, ಆದ್ದರಿಂದ ಆಗಲೂ ನೋಡಿ ಎನ್ನುತ್ತದೆ ಆ ಬೋಧೆ. ಇಪ್ಪತ್ತು ವರ್ಷದ ಹಿಂದೆ ಹತ್ತು ಜನರ ನಡುವೆ ಚಾಪೆಯ ಮೇಲೆ ಕುಳಿತಿದ್ದವರನ್ನು ನೋಡಿ ಹುಟ್ಟಿದ ಶ್ರದ್ಧೆಯನ್ನು ಇಂದಿನ ನಡತೆಗೆ ಸಾಕ್ಷಿಯಾಗಿ ಬಳಸಬೇಡಿ.

ಏನನ್ನು ನೋಡಬೇಕು? ವೇದಿಕೆಯ ಮಾತನ್ನು ಬಿಟ್ಟುಬಿಡಿ. ಕಾರಿನ ಚಾಲಕನೊಂದಿಗೆ, ಅಡುಗೆಯವರೊಂದಿಗೆ ಹೇಗೆ ಮಾತನಾಡುತ್ತಾರೆ? ಬಡ ಭಕ್ತನಿಗೂ ಮಂತ್ರಿಗೂ ಸಿಗುವ ಸಮಯದಲ್ಲಿ ವ್ಯತ್ಯಾಸವೆಷ್ಟು? ಲೆಕ್ಕಪತ್ರ ಕೇಳಿದವರಿಗೆ ಏನಾಗುತ್ತದೆ? ಬಿಟ್ಟುಹೋದವರ ಬಗ್ಗೆ ಬಳಗದಲ್ಲಿ ಏನು ಮಾತು ನಡೆಯುತ್ತದೆ? ಈ ಕೊನೆಯದನ್ನು ನಾನು ಬಹಳ ಮುಖ್ಯವೆಂದು ತಿಳಿಯುತ್ತೇನೆ. ಹೋದವರೆಲ್ಲ ಪತಿತರು, ಮತಿಗೆಟ್ಟವರು ಎಂದು ಹೇಳುವ ಕಡೆ ನಾಳೆ ನಿಮಗೂ ಅದೇ ಹೆಸರು ಕಾದಿರುತ್ತದೆ. ಸಾಧ್ಯವಾದರೆ ಬಿಟ್ಟುಹೋದ ಇಬ್ಬರನ್ನಾದರೂ ಭೇಟಿ ಮಾಡಿ.

ಇಲ್ಲಿನ ದೊಡ್ಡ ಗುಂಡಿ 'ಲೀಲೆ' ಎಂಬ ವಿವರಣೆ. ಗುರು ಶಾಂತವಾಗಿದ್ದರೆ ಜ್ಞಾನ. ರೇಗಿದರೆ ನಮ್ಮ ಅಹಂಕಾರ ಮುರಿಯಲು. ಸರಳವಾಗಿದ್ದರೆ ವೈರಾಗ್ಯ; ಐಷಾರಾಮಿಯಾಗಿದ್ದರೆ ನಿರ್ಲಿಪ್ತತೆ. ಯಾವ ನಡತೆಗೂ ಒಂದೇ ತೀರ್ಮಾನ ಹೊರಡುವುದಾದರೆ ನೀವು ನೋಡುತ್ತಿಲ್ಲ ಎಂದೇ ಅರ್ಥ. ಆದ್ದರಿಂದ ನೋಡಲು ಆರಂಭಿಸುವ ಮೊದಲೇ ಒಂದು ವಾಕ್ಯ ಬರೆದಿಡಿ: "ಇವರು ಇಂಥದ್ದನ್ನು ಮಾಡಿದರೆ ತಪ್ಪೆಂದು ಒಪ್ಪುತ್ತೇನೆ." ಆಮೇಲೆ ಆ ವಾಕ್ಯವನ್ನು ತಿದ್ದಬೇಡಿ.

ಪರೀಕ್ಷೆಯಿಂದ ಗುರುವಿಗೆ ನೋವಾಗುತ್ತದೆ ಎಂದು ಅಳುಕುವವರಿಗೆ ದಕ್ಷಿಣೇಶ್ವರದ ಪ್ರಸಂಗ ಗೊತ್ತಿರಬೇಕು. ರಾಮಕೃಷ್ಣರಿಗೆ ಹಣದ ಸ್ಪರ್ಶವೇ ಆಗದು ಎಂಬುದನ್ನು ಪರೀಕ್ಷಿಸಲು ನರೇಂದ್ರ, ಮುಂದಿನ ವಿವೇಕಾನಂದ, ಅವರ ಹಾಸಿಗೆಯ ಕೆಳಗೆ ಗುಟ್ಟಾಗಿ ನಾಣ್ಯ ಇಟ್ಟ. ವಿಷಯ ತಿಳಿದ ರಾಮಕೃಷ್ಣರು ಸಿಟ್ಟಾಗಲಿಲ್ಲ. ಶರಾಫ ನಾಣ್ಯ ಪರೀಕ್ಷಿಸುವಂತೆ ನನ್ನನ್ನು ಪರೀಕ್ಷಿಸು ಎಂಬುದೇ ಅವರ ನಿಲುವಾಗಿತ್ತು.

5. ನೇರವಾಗಿ ಒಂದು ಪ್ರಶ್ನೆ ಕೇಳಿ

ಗೀತೆ ಇದನ್ನು ಪರಿಪ್ರಶ್ನೆ ಎಂದು ಕರೆಯುತ್ತದೆ. ಸುತ್ತಮುತ್ತಲಿಂದ ಬಿಡದೆ ಕೇಳುವುದು. ಸಭೆಯಲ್ಲಿ ಬೇಡ, ಏಕಾಂತದಲ್ಲಿ ಕೇಳಿ. ಒಮ್ಮೆಗೆ ಒಂದೇ ಪ್ರಶ್ನೆ, ಅದೂ ಸವಾಲಿನ ಧಾಟಿಯಲ್ಲಿ ಬೇಡ. "ಈ ವಿಷಯದಲ್ಲಿ ನನ್ನ ವೈದ್ಯರು ಬೇರೆ ಹೇಳುತ್ತಾರೆ. ನೀವು ಹೇಳಿದ್ದು ತಪ್ಪಾಗಿರುವ ಸಾಧ್ಯತೆ ಇದೆಯೇ?" ಇಷ್ಟು ಸಾಕು. ಉತ್ತರಕ್ಕಿಂತ ಉತ್ತರಿಸುವ ರೀತಿಯನ್ನು ಬರೆದುಕೊಳ್ಳಿ. "ಹೌದು, ವೈದ್ಯರ ಮಾತು ಕೇಳು" ಎಂದವರ ಮೇಲೆ ನಿಮ್ಮ ಗೌರವ ಹೆಚ್ಚಿದರೆ ತಪ್ಪಿಲ್ಲ. "ನಿನ್ನಲ್ಲಿ ಇನ್ನೂ ಅಹಂಕಾರವಿದೆ" ಎಂದರೆ, ಅದು ನಿಮ್ಮ ಬಗ್ಗೆ ಆಡಿದ ಮಾತು, ಪ್ರಶ್ನೆಗೆ ಉತ್ತರ ಬಂದಿಲ್ಲ ಎಂದು ಬರೆಯಿರಿ.

6. ಹಣ, ಆಸ್ತಿ, ಸಹಿ

ಮೂವತ್ತು ದಿನ ಕಾಯದೆ ದೊಡ್ಡ ಮೊತ್ತ ಕೊಡಬೇಡಿ. ಶಿಬಿರದ ಕೊನೆಯ ದಿನ, ಮೈಮನಸ್ಸು ತುಂಬಿ ಬಂದಿರುವಾಗ, ಖಂಡಿತ ಬೇಡ. ಕೊಡುವಾಗ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. ನಗದಿನಲ್ಲಿ ₹2,000 ಮೀರಿದ ದೇಣಿಗೆಗೆ ಆದಾಯ ತೆರಿಗೆಯ ವಿನಾಯಿತಿ ಸಿಗುವುದಿಲ್ಲ. "ನಗದೇ ಬೇಕು" ಎಂದು ಪಟ್ಟು ಹಿಡಿದರೆ ಏಕೆಂದು ಕೇಳಿ.

ಆಸ್ತಿಯ ವಿಷಯದಲ್ಲಿ ಎರಡು ಪತ್ರಗಳ ವ್ಯತ್ಯಾಸ ತಿಳಿದಿರಲಿ. ವಿಲ್, ಅಂದರೆ ಮರಣಶಾಸನವನ್ನು ನೀವು ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾಗಿ ಎದುರಿನವರು ಒಪ್ಪಿಕೊಂಡ ಮೇಲೆ, ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಹಿಂದಕ್ಕೆ ಬರುವುದಿಲ್ಲ. "ಒಂದು ಸಹಿ ಅಷ್ಟೇ" ಎಂದು ಮುಂದಿಟ್ಟ ಕಾಗದ ಇವೆರಡರಲ್ಲಿ ಯಾವುದೆಂದು ಸ್ವಂತ ವಕೀಲರಿಗೆ ತೋರಿಸಿ, ಆಶ್ರಮದ ವಕೀಲರಿಗಲ್ಲ. ಈಗಾಗಲೇ ಬರೆದುಕೊಟ್ಟು ಕೊರಗುತ್ತಿರುವವರಿಗೂ ದಾರಿ ಪೂರ್ತಿ ಮುಚ್ಚಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 16ನೇ ಕಲಮು 'ಅನುಚಿತ ಪ್ರಭಾವ'ದ ಬಗ್ಗೆ ಹೇಳುತ್ತದೆ: ಮನಸ್ಸಿನ ಮೇಲೆ ಹಿಡಿತವಿರುವವರು ಆ ಹಿಡಿತ ಬಳಸಿ ಅನ್ಯಾಯದ ಲಾಭ ಪಡೆಯುವುದು. ಪರಲೋಕದಲ್ಲಿ ಆತ್ಮಕ್ಕೆ ಒಳಿತಾಗಲೆಂದು ವೃದ್ಧರೊಬ್ಬರು ತಮ್ಮೆಲ್ಲ ಆಸ್ತಿಯನ್ನು ಗುರುವಿಗೆ ಬರೆದುಕೊಟ್ಟಿದ್ದ ದಾನವನ್ನು ಅಲಹಾಬಾದ್ ಹೈಕೋರ್ಟ್ 1890ರಲ್ಲಿಯೇ ಇದೇ ಆಧಾರದ ಮೇಲೆ ರದ್ದು ಮಾಡಿತು. ತಡಮಾಡದೆ ವಕೀಲರನ್ನು ಕಾಣಿ.

7. ಉಳಿಸಿಕೊಳ್ಳುವುದು, ಬಿಡುವುದು

ಮೂರು ತಿಂಗಳ ನಂತರ ಪುಸ್ತಕವನ್ನು ಮೊದಲ ಪುಟದಿಂದ ಓದಿ, ಬಳಗದ ಆಚೆಗಿನ ನಿಮ್ಮ ಆ ಹಿತೈಷಿಗೂ ಓದಲು ಕೊಡಿ. ಬೆಳಗಿನ ಧ್ಯಾನ ಇಟ್ಟುಕೊಂಡು ಕಷಾಯ ಬಿಡಬಹುದು. ಗುರುವಿನ ಮೇಲಿನ ಪ್ರೀತಿ ಇಟ್ಟುಕೊಂಡೇ ಅಣ್ಣನ ಮನೆಗೆ ಹೋಗಬಹುದು. ಎಲ್ಲವನ್ನೂ ಒಪ್ಪಬೇಕು, ಇಲ್ಲವೇ ಎಲ್ಲವನ್ನೂ ಎಸೆಯಬೇಕು ಎಂಬ ನಿಯಮವನ್ನು ಯಾರೂ ಮಾಡಿಲ್ಲ.

ಕೆಲವು ಸಂದರ್ಭಗಳಲ್ಲಿ ಮೂರು ತಿಂಗಳು ಕಾಯಬಾರದು. ಲೈಂಗಿಕ ಒತ್ತಾಯ, ಮಕ್ಕಳನ್ನು ಮುಟ್ಟುವುದು, ಹೊಡೆತ, ಕೂಡಿಹಾಕುವುದು: ಇವುಗಳಿಗೆ ಯಾವ ಆಧ್ಯಾತ್ಮಿಕ ವಿವರಣೆಯೂ ಇಲ್ಲ. ಅಂದೇ ಹೊರಬನ್ನಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ತೀವ್ರ ಉಪವಾಸ ಅಥವಾ ಮೌನಶಿಬಿರದ ನಂತರ ನಿದ್ದೆ ಪೂರ್ತಿ ಹೋಗಿದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಅದನ್ನು ಸಿದ್ಧಿ ಎಂದುಕೊಳ್ಳಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಒಬ್ಬರನ್ನು ಬಿಟ್ಟ ಮರುದಿನವೇ ಇನ್ನೊಬ್ಬರ ಕಾಲು ಹಿಡಿಯಬೇಡಿ. ಖಾಲಿತನ ಕೆಲವು ತಿಂಗಳು ಕಾಡುತ್ತದೆ, ಅದು ಸಹಜ. ಜಿಡ್ಡು ಕೃಷ್ಣಮೂರ್ತಿಯವರು 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್‌ನಲ್ಲಿ, ತಮ್ಮನ್ನು ಜಗದ್ಗುರುವೆಂದು ನಂಬಿ ಬಂದಿದ್ದ ಅನುಯಾಯಿಗಳೆದುರು, ತಮಗಾಗಿಯೇ ಕಟ್ಟಿದ್ದ ಸಂಘಟನೆಯನ್ನು ವಿಸರ್ಜಿಸಿದರು. ತಮ್ಮನ್ನು ಗುರುವಾಗಿ ಕಾಣಬೇಡಿ ಎಂದು ಜೀವನಪೂರ್ತಿ ಹೇಳಿದರು. ಆದರೂ ಅವರ ಮಾತನ್ನೇ ವೇದವಾಕ್ಯ ಮಾಡಿಕೊಂಡವರು ಇದ್ದರು. ವಿಚಾರವಾದಿಗಳನ್ನು ಹಾಗೆ ಮಾಡಿಕೊಳ್ಳುವ ಅಪಾಯವೂ ಇದೆ. ಈ ಲೇಖನಕ್ಕೂ ನಾಲ್ಕು ಅಕ್ಷರದ ಗುರುತು ಹಾಕಿ.

ಕೊನೆಗೆ, ಬಿಟ್ಟವರೆಲ್ಲರೂ ಕೇಳುವ ಪ್ರಶ್ನೆ: "ಶಾಪ ತಟ್ಟಿದರೆ?" ಈ ಭಯವನ್ನು ವಾದದಿಂದ ಓಡಿಸಲು ಆಗುವುದಿಲ್ಲ, ಹಾಗಾಗಿ ಅದಕ್ಕೂ ಒಂದು ಪುಟ ಕೊಡಿ. ಬಿಟ್ಟ ದಿನದ ತಾರೀಕು ಹಾಕಿ. ಮುಂದಿನ ಹನ್ನೆರಡು ತಿಂಗಳಲ್ಲಿ ಮನೆಯಲ್ಲಿ ಜ್ವರ ಬರುತ್ತದೆ, ಯಾರಿಗೋ ಕೆಲಸ ತಪ್ಪುತ್ತದೆ, ಹಿರಿಯರೊಬ್ಬರು ತೀರಿಕೊಳ್ಳಲೂಬಹುದು, ಆಗ ಬಳಗದವರು "ನೋಡಿದೆಯಾ?" ಎನ್ನುತ್ತಾರೆ. ಆದ್ದರಿಂದ ಆ ವರ್ಷ ಶುರುವಾಗುವ ಮೊದಲೇ ಎದುರಿನ ಪುಟದಲ್ಲಿ ಇನ್ನೊಂದು ಪಟ್ಟಿ ಬರೆಯಿರಿ: ನೀವು ದಿನವೂ ಪಾದಪೂಜೆ ಮಾಡುತ್ತಿದ್ದ ಕಳೆದ ವರ್ಷ ಮನೆಯಲ್ಲಿ ಯಾರಿಗೆ ಜ್ವರ ಬಂದಿತ್ತು, ಯಾರು ಬಿದ್ದು ಕೈ ಮುರಿದುಕೊಂಡರು, ಎಷ್ಟು ಸಾಲ ಆಯಿತು, ಯಾರು ತೀರಿಕೊಂಡರು. ಮನೆಯವರೆಲ್ಲ ಕುಳಿತು ನೆನಪಿಸಿಕೊಂಡು, ಒಂದನ್ನೂ ಬಿಡದೆ ಬರೆಯಿರಿ.